ಟೈರ್ ಉಜ್ಜುವಿಕೆ: ಮಜ್ದಾ ಎಂಎಕ್ಸ್-5ರಲ್ಲಿ ದೊಡ್ಡ ಚಕ್ರಗಳ ತೊಡಕು

ಕಾರ್ಖಾನೆಯಿಂದ ಬಂದದ್ದಕ್ಕಿಂತ ಅಗಲವಾದ ಅಥವಾ ದೊಡ್ಡ ವ್ಯಾಸದ ಚಕ್ರ ಹಾಕಿದ ಕಾರಿನಲ್ಲಿ, ಟೈರು ಮಡ್‌ಗಾರ್ಡಿನ ಅಂಚಿಗೋ ಒಳಗಿನ ಪ್ಲಾಸ್ಟಿಕ್ ಲೈನರಿಗೋ ಬಂಪರಿನ ತುದಿಗೋ ಸಸ್ಪೆನ್ಶನ್ನಿನ ಯಾವುದಾದರೂ ಭಾಗಕ್ಕೋ ತಾಗಿ ಸವೆಯುವುದನ್ನು ಟೈರ್ ಉಜ್ಜುವಿಕೆ ಎನ್ನುತ್ತಾರೆ. ನಿಂತ ಕಾರಿನಲ್ಲಿ ಬೆರಳು ತೂರುವಷ್ಟು ಸಂದು ಇದ್ದರೂ ಓಡುವಾಗ ಟೈರು ತಾಗಬಹುದು. ಏಕೆಂದರೆ ಚಕ್ರ ಒಂದೇ ಜಾಗದಲ್ಲಿ ಇರುವುದಿಲ್ಲ: ಮೇಲೇಳುತ್ತದೆ, ಇಳಿಯುತ್ತದೆ, ವಾಲುತ್ತದೆ, ಮುಂದಿನದಾದರೆ ತಿರುಗುತ್ತದೆ ಕೂಡ. ಸಣ್ಣ ಸ್ಪೋರ್ಟ್ಸ್ ಕಾರುಗಳಲ್ಲಿ ಈ ತೊಂದರೆ ಹೆಚ್ಚು. ಅವುಗಳ ಮೈ ಚಕ್ರಕ್ಕೆ ಬಿಗಿಯಾಗಿ ಅಪ್ಪಿಕೊಂಡಂತೆ ಇರುತ್ತದೆ, ಮಾಲೀಕರು ಸ್ಪ್ರಿಂಗ್ ತಗ್ಗಿಸಿ ಕಾರನ್ನು ಇನ್ನಷ್ಟು ನೆಲಕ್ಕಿಳಿಸುತ್ತಾರೆ, ಅದರ ಮೇಲೆ ಅಗಲ ಟೈರಿನ ಆಸೆ. ಈ ಲೇಖನ ಮುಖ್ಯವಾಗಿ ಜಪಾನಿನ ಮಜ್ದಾ ಎಂಎಕ್ಸ್-5 ಕಾರನ್ನು, ಅದರಲ್ಲೂ ಮೊದಲ ತಲೆಮಾರನ್ನು ಆಧರಿಸಿದೆ. ಚಕ್ರ ಬದಲಿಸುವ ಹವ್ಯಾಸಕ್ಕೆ ಇಷ್ಟು ಸಿಕ್ಕಿದ, ಇಷ್ಟು ಅಳೆಯಲ್ಪಟ್ಟ ಸ್ಪೋರ್ಟ್ಸ್ ಕಾರು ಬೇರೆ ಸಿಗುವುದು ಕಷ್ಟ.

ಕಾರು ಮತ್ತು ಅದರ ಮೂಲ ಚಕ್ರ

1989ರ ಫೆಬ್ರವರಿಯಲ್ಲಿ ಅಮೆರಿಕದ ಶಿಕಾಗೊ ಕಾರು ಪ್ರದರ್ಶನದಲ್ಲಿ ಎಂಎಕ್ಸ್-5 ಮೊದಲು ಕಾಣಿಸಿಕೊಂಡಿತು. ಅಮೆರಿಕದಲ್ಲಿ ಅದು ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. ಇಬ್ಬರು ಕೂರುವ, ಮೇಲ್ಛಾವಣಿ ಮಡಚಬಹುದಾದ, ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಹಗುರ ಕಾರು. ಯೋಜನೆಯ ಮುಖ್ಯಸ್ಥರಾಗಿದ್ದವರು ತೋಷಿಹಿಕೊ ಹಿರಾಯ್. ಇಂಥ ಕಾರು ಬೇಕೆಂದು ಮಜ್ದಾದವರ ತಲೆಗೆ ಹಾಕಿದವರಲ್ಲಿ ಮುಖ್ಯರಾದವರು ವಾಹನ ಪತ್ರಕರ್ತರಾಗಿದ್ದ ಬಾಬ್ ಹಾಲ್. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಎಂಎಕ್ಸ್-5 ತಯಾರಾಯಿತು. ಎರಡು ಆಸನದ ಸ್ಪೋರ್ಟ್ಸ್ ಕಾರುಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಇದೇ. ಭಾರತದಲ್ಲಿ ಮಜ್ದಾ ಕಾರುಗಳನ್ನು ಅಧಿಕೃತವಾಗಿ ಮಾರಲಿಲ್ಲ. ಕನ್ನಡಿಗರಿಗೆ ಆ ಹೆಸರು ಪರಿಚಯವಾದದ್ದು ಸ್ವರಾಜ್ ಮಜ್ದಾ ಮಿನಿ ಬಸ್ಸು, ಲಾರಿಗಳಿಂದ.

ಮೊದಲ ತಲೆಮಾರಿನ ಕಾರಿಗೆ ಕೊಟ್ಟದ್ದು 14 ಇಂಚು ವ್ಯಾಸದ, 5.5 ಇಂಚು ಅಗಲದ, ಏಳು ಕಡ್ಡಿಗಳ ಅಲಾಯ್ ರಿಮ್. ಅದರ ಮೇಲೆ 185/60 ಆರ್14 ಅಳತೆಯ ಟೈರು. ಇಂದಿನ ಕಣ್ಣಿಗೆ ಅದು ಬಡಪಾಯಿಯಂತೆ ಕಾಣುತ್ತದೆ, ಸಣ್ಣ ಹ್ಯಾಚ್‌ಬ್ಯಾಕ್‌ಗಳಿಗೂ ಈಗ 15, 16 ಇಂಚಿನ ರಿಮ್ ಇರುತ್ತದೆ. ಆದರೆ ಸುಮಾರು 950 ಕಿಲೋ ತೂಕದ ಕಾರಿಗೆ ಅಷ್ಟು ಸಾಕಾಗಿತ್ತು. ಹಗುರ ಚಕ್ರ ಗುಂಡಿಯನ್ನು ಬೇಗ ಹತ್ತಿ ಬೇಗ ಇಳಿಯುತ್ತದೆ, ಸ್ಟೀರಿಂಗಿಗೆ ರಸ್ತೆಯ ಸುದ್ದಿ ಮುಟ್ಟಿಸುತ್ತದೆ. ಎಂಎಕ್ಸ್-5ಕ್ಕೆ ಹೆಸರು ತಂದ ಗುಣವೇ ಇದು. ಚಕ್ರ ದೊಡ್ಡದು ಮಾಡುವವರು ಏನನ್ನು ಕೊಟ್ಟು ಏನನ್ನು ಕೊಳ್ಳುತ್ತಿದ್ದೇವೆ ಎಂಬುದನ್ನು ಅರಿತಿರಬೇಕು. ಅಗಲ ಟೈರು ತಿರುವಿನಲ್ಲಿ ಹಿಡಿತ ಕೊಡುತ್ತದೆ, ನಿಜ. ಆದರೆ 17 ಇಂಚಿನ ಭಾರದ ರಿಮ್ಮು ಈ ಕಾರಿನಲ್ಲಿ ಬಹುಮಟ್ಟಿಗೆ ಅಲಂಕಾರ.

ಮಿಲಿಮೀಟರುಗಳ ಲೆಕ್ಕ

ಉಜ್ಜುವಿಕೆಯ ಚರ್ಚೆಗಳಲ್ಲಿ ಜನ ಹೇಳುವುದು "ಹದಿನೈದು ಇಂಚು ಕೂರುತ್ತದೆಯೇ, ಹದಿನಾರು ಕೂರುತ್ತದೆಯೇ" ಎಂದು. ಪ್ರಶ್ನೆಯೇ ಅರ್ಧ. ರಿಮ್ಮಿನ ವ್ಯಾಸಕ್ಕಿಂತ ಟೈರಿನ ಒಟ್ಟು ವ್ಯಾಸ, ರಿಮ್ಮಿನ ಅಗಲ ಮತ್ತು ಆಫ್‌ಸೆಟ್ ಈ ಮೂರು ಸೇರಿ ತೀರ್ಪು ಕೊಡುತ್ತವೆ.

ಟೈರಿನ ಮೇಲೆ ಬರೆದ ಅಳತೆಯಿಂದ ಒಟ್ಟು ವ್ಯಾಸ ತೆಗೆಯುವುದು ಸುಲಭ. 185/60 ಆರ್14 ಎಂದರೆ 185 ಮಿ.ಮೀ. ಅಗಲ, ಅದರ ಶೇ. 60ರಷ್ಟು ಅಂದರೆ 111 ಮಿ.ಮೀ. ಪಕ್ಕಗೋಡೆಯ ಎತ್ತರ, 14 ಇಂಚಿನ ರಿಮ್. ಮೇಲೊಂದು ಕೆಳಗೊಂದು ಪಕ್ಕಗೋಡೆ, ನಡುವೆ 355.6 ಮಿ.ಮೀ. ರಿಮ್ಮು, ಒಟ್ಟು ಸುಮಾರು 578 ಮಿ.ಮೀ. ಇದೇ ಲೆಕ್ಕದಲ್ಲಿ 195/50 ಆರ್15 ಟೈರು 576 ಮಿ.ಮೀ. ಆಗುತ್ತದೆ, ಅಂದರೆ ರಿಮ್ ಒಂದು ಇಂಚು ದೊಡ್ಡದಾದರೂ ಟೈರು ಮೂಲಕ್ಕಿಂತ ಕೂದಲೆಳೆ ಚಿಕ್ಕದು. 205/50 ಆರ್15 ಆದರೆ 586, 205/45 ಆರ್16 ಆದರೆ 591, 205/40 ಆರ್17 ಆದರೆ 596 ಮಿ.ಮೀ. ಕೊನೆಯದರಲ್ಲಿ ಟೈರು ಮೂಲಕ್ಕಿಂತ ಶೇ. 3ರಷ್ಟು ದೊಡ್ಡದಾಗಿ, ಸುತ್ತಲೂ 9 ಮಿ.ಮೀ. ಜಾಗ ಕಬಳಿಸುತ್ತದೆ. ಸ್ಪೀಡೋಮೀಟರ್ ಕೂಡ ಅದೇ ಪ್ರಮಾಣದಲ್ಲಿ ಮೊದಲಿಗಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ರಿಮ್ ದೊಡ್ಡದು ಮಾಡಿದಷ್ಟೂ ಪಕ್ಕಗೋಡೆ ತಗ್ಗಿಸಿ ಒಟ್ಟು ವ್ಯಾಸವನ್ನು ಮೂಲದ ಆಸುಪಾಸಿನಲ್ಲೇ ಉಳಿಸಿಕೊಳ್ಳಬೇಕು.

ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ. ಆ ಮುಖ ನಡುಗೆರೆಯಿಂದ ಹೊರಗಿದ್ದರೆ ಆಫ್‌ಸೆಟ್ ಧನ. ಅಂಕಿ ಹೆಚ್ಚಿದಷ್ಟೂ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ, ಇಳಿದಷ್ಟೂ ಹೊರಕ್ಕೆ ಬರುತ್ತದೆ. ಮೊದಲ ತಲೆಮಾರಿನ ಮೂಲ ರಿಮ್ಮಿನ ಆಫ್‌ಸೆಟ್ 45 ಮಿ.ಮೀ. ಟೈರಿನ ಉಬ್ಬು ಹೊಟ್ಟೆಯ ಅಗಲ 189 ಮಿ.ಮೀ. ಹಿಡಿದರೆ, ಹಬ್ಬಿನ ಮುಖದಿಂದ ಟೈರು ಹೊರಕ್ಕೆ 49.5 ಮಿ.ಮೀ., ಒಳಕ್ಕೆ 139.5 ಮಿ.ಮೀ. ಚಾಚಿರುತ್ತದೆ. ಈಗ ಅದೇ ಕಾರಿಗೆ 7 ಇಂಚು ಅಗಲದ, 35 ಆಫ್‌ಸೆಟ್ಟಿನ ರಿಮ್ ಹಾಕಿ 205/50 ಆರ್15 ಟೈರು ಕೂರಿಸೋಣ. ಈ ಅಗಲದ ರಿಮ್ಮಿನಲ್ಲಿ ಟೈರಿನ ಹೊಟ್ಟೆ ಸುಮಾರು 219 ಮಿ.ಮೀ. ಆಗುತ್ತದೆ. ಟೈರು ಹೊರಕ್ಕೆ 25 ಮಿ.ಮೀ., ಒಳಕ್ಕೆ 5 ಮಿ.ಮೀ. ಮಾತ್ರ ಬೆಳೆಯಿತು. 8 ಇಂಚಿನ, 36 ಆಫ್‌ಸೆಟ್ಟಿನ ರಿಮ್ಮಾದರೆ ಹೊರಕ್ಕೆ 29, ಒಳಕ್ಕೆ 11. ಅದೇ 8 ಇಂಚನ್ನು 25 ಆಫ್‌ಸೆಟ್ಟಿನಲ್ಲಿ ಕೊಂಡರೆ ಒಳಗಿನ ಅಂಚು ಮೂಲದ ಜಾಗದಲ್ಲೇ ಉಳಿದು, ಹೊರಗಿನದು ಪೂರ್ತಿ 40 ಮಿ.ಮೀ. ಹೊರಬರುತ್ತದೆ.

ರಿಮ್ಮಿನ ಅಗಲ ಅರ್ಧ ಇಂಚು ಹೆಚ್ಚಿದಾಗ ಟೈರಿನ ಹೊಟ್ಟೆ ಸುಮಾರು 5 ಮಿ.ಮೀ. ಹಿಗ್ಗುತ್ತದೆ ಎಂಬ ಸೂತ್ರದ ಮೇಲೆ ಈ ಲೆಕ್ಕ ನಿಂತಿದೆ. ಒಂದೇ ಅಳತೆ ಬರೆದ ಎರಡು ಕಂಪನಿಗಳ ಟೈರು ನಿಜದಲ್ಲಿ ಒಂದೇ ಅಗಲ ಇರುವುದಿಲ್ಲ. ಅರೆ-ರೇಸಿಂಗ್ ಟೈರುಗಳ ಭುಜ ಚೌಕವಾಗಿ, ಸಾಮಾನ್ಯ ಟೈರುಗಳ ಭುಜ ದುಂಡಗಿರುತ್ತದೆ. ಗೆಳೆಯನ ಕಾರಿನಲ್ಲಿ ತಾಗದ ಅಳತೆ ತನ್ನ ಕಾರಿನಲ್ಲಿ ಏಕೆ ತಾಗುತ್ತಿದೆ ಎಂದು ತಲೆ ಕೆರೆದುಕೊಳ್ಳುವವನು ಮೊದಲು ನೋಡಬೇಕಾದದ್ದು ಆ ಭುಜವನ್ನು. ಇನ್ನೊಂದು ಮಾತು: 205/50 ಆರ್15 ಟೈರಿಗೆ ತಯಾರಕರು ಒಪ್ಪುವ ರಿಮ್ಮಿನ ಅಗಲ 5.5ರಿಂದ 7.5 ಇಂಚು. ಹವ್ಯಾಸಿಗಳ ನಡುವೆ 8 ಇಂಚು ಎಷ್ಟೇ ಜನಪ್ರಿಯವಾಗಿದ್ದರೂ ಅದು ಆ ಮಿತಿಯ ಆಚೆಗಿದೆ. ಮಿತಿಯೊಳಗಿದ್ದೇ ಆ ಅಗಲ ಬೇಕೆಂದರೆ 225/45 ಆರ್15 ಟೈರಿಗೆ ಹೋಗಬೇಕು, ಅಲ್ಲಿ ಉಜ್ಜುವ ಸಾಧ್ಯತೆ ಇನ್ನೂ ಹೆಚ್ಚು.

ರಿಮ್ ಕೂರಲು ಬೇಕಾದ ಬೇರೆ ಅಳತೆಗಳು ಉಜ್ಜುವಿಕೆಗೆ ನೇರ ಸಂಬಂಧಿಸಿಲ್ಲ, ಆದರೂ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಮೊದಲ ತಲೆಮಾರಿನ ಕಾರಿಗೆ 100 ಮಿ.ಮೀ. ವೃತ್ತದಲ್ಲಿ ನಾಲ್ಕು ನಟ್, ನಡುವಿನ ತೂತು 54.1 ಮಿ.ಮೀ. ತೂತು ಅದಕ್ಕಿಂತ ದೊಡ್ಡದಿರುವ ರಿಮ್ ಹಾಕಿದರೆ ಹಬ್ ರಿಂಗ್ ಕೂರಿಸಬೇಕು, ಇಲ್ಲದಿದ್ದರೆ ಚಕ್ರ ನಡುವಿಗೆ ಸರಿಯಾಗಿ ಕೂರದೆ ಸ್ಟೀರಿಂಗ್ ನಡುಗುತ್ತದೆ.

ಎಲ್ಲಿ, ಯಾವಾಗ ತಾಗುತ್ತದೆ

ಹಿಂದಿನ ಚಕ್ರದ ಕಥೆ ಸರಳ. ಅದು ತಿರುಗುವುದಿಲ್ಲ, ಮೇಲೆ ಕೆಳಗೆ ಆಡುತ್ತದೆ ಅಷ್ಟೆ. ಹಂಪ್ ಹಾರಿದಾಗ, ಗುಂಡಿಗೆ ಬಿದ್ದಾಗ, ಇಬ್ಬರು ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿ ಹೊರಟಾಗ ಟೈರಿನ ಹೊರ ಭುಜ ಮಡ್‌ಗಾರ್ಡಿನ ಒಳಕ್ಕೆ ಮಡಚಿದ ಅಂಚಿಗೆ ತಾಗುತ್ತದೆ. ಒಂದು ಕ್ಷಣದ "ಗರ್ರ್" ಸದ್ದು, ಟೈರಿನ ಭುಜದ ಮೇಲೆ ಸುತ್ತಲೂ ಚಾಕುವಿನಿಂದ ಗೀಚಿದಂಥ ಗೆರೆ. ಹಿಂದಿನ ಬಂಪರಿನ ತುದಿ ಮಡ್‌ಗಾರ್ಡಿಗೆ ಸೇರುವ ಜಾಗವೂ ಅಪಾಯದ್ದು. ಅಲ್ಲಿನ ಸ್ಕ್ರೂ ತಲೆಯೊಂದು ಚಾಚಿಕೊಂಡಿದ್ದರೆ ಟೈರನ್ನು ನೇಗಿಲಿನಂತೆ ಉಳುತ್ತದೆ.

ಮುಂದಿನ ಚಕ್ರಕ್ಕೆ ಸ್ಟೀರಿಂಗಿನ ತಿರುಗಣೆಯೂ ಸೇರುವುದರಿಂದ ತಾಗುವ ಜಾಗಗಳು ಹೆಚ್ಚು. ಚಕ್ರ ತಿರುಗುವ ಅಕ್ಷ ಟೈರಿನ ನಡುವಿನಲ್ಲಿರುವುದಿಲ್ಲ, ಒಳಕ್ಕಿರುತ್ತದೆ. ಆಫ್‌ಸೆಟ್ ಇಳಿಸಿ ಚಕ್ರವನ್ನು ಹೊರಕ್ಕೆ ತಂದಷ್ಟೂ ಹೊರ ಭುಜದ ಮೂಲೆ ಆ ಅಕ್ಷದಿಂದ ದೂರವಾಗಿ ದೊಡ್ಡ ವೃತ್ತ ಬರೆಯುತ್ತದೆ. ಹಾಗಾಗಿ ನೇರ ಓಡುವಾಗ ಸುಮ್ಮನಿದ್ದ ಟೈರು ಪಾರ್ಕಿಂಗಿನಲ್ಲಿ ಪೂರ್ತಿ ಸ್ಟೀರಿಂಗ್ ಒಡೆದಾಗ ಬಂಪರಿನ ಹಿಂತುದಿಗೆ, ಇಲ್ಲವೇ ಬಾಗಿಲಿನ ಕಡೆಯ ಲೈನರಿಗೆ ಮುತ್ತಿಕ್ಕುತ್ತದೆ. ಆಫ್‌ಸೆಟ್ ಹೆಚ್ಚಿಸಿ ಚಕ್ರವನ್ನು ಒಳಕ್ಕೆ ತಳ್ಳಿದರೆ ತೊಂದರೆ ಬೇರೆ ಕಡೆ ಹುಟ್ಟುತ್ತದೆ: ಪೂರ್ತಿ ತಿರುಗಿಸಿದಾಗ ಟೈರಿನ ಒಳ ಗೋಡೆ ಆಂಟಿ-ರೋಲ್ ಬಾರಿಗೆ ಅಥವಾ ಸಸ್ಪೆನ್ಶನ್ ಆರ್ಮಿಗೆ ತಾಗುತ್ತದೆ. ಇದು ಹೊರಗಿನ ಉಜ್ಜುವಿಕೆಗಿಂತ ಕೆಟ್ಟದ್ದು. ಕಣ್ಣಿಗೆ ಬೀಳುವುದಿಲ್ಲ, ಸದ್ದು ಹೆಚ್ಚು ಮಾಡುವುದಿಲ್ಲ, ಬ್ರೇಕಿನ ರಬ್ಬರ್ ಪೈಪು ಅದೇ ಬದಿಯಲ್ಲಿ ಹಾದಿರುತ್ತದೆ. ಟೈರಿನ ಪಕ್ಕಗೋಡೆ ತುಳಿಭಾಗದಷ್ಟು ದಪ್ಪವಿಲ್ಲ, ಅಲ್ಲಿ ಆದ ಗಾಯ ಓಡುತ್ತಿರುವಾಗಲೇ ಒಡೆಯಬಹುದು.

ನಿಂತ ಕಾರಿನಲ್ಲಿ ಅಳೆದ ಸಂದು ಓಡುವಾಗ ಉಳಿಯದಿರಲು ಇನ್ನೊಂದು ಕಾರಣ ಬುಷ್‌ಗಳು. ಸಸ್ಪೆನ್ಶನ್ ಆರ್ಮುಗಳ ಬೇರಿನಲ್ಲಿರುವ ರಬ್ಬರ್ ಬುಷ್‌ಗಳು ತಿರುವಿನ ಒತ್ತಡಕ್ಕೆ ಬಾಗುತ್ತವೆ, ಟೈರಿನ ಪಕ್ಕಗೋಡೆಯೂ ವಾಲುತ್ತದೆ. ಮೊದಲ ತಲೆಮಾರಿನ ಎಂಎಕ್ಸ್-5ಗಳಲ್ಲಿ ಹೆಚ್ಚಿನವಕ್ಕೆ ಈಗ ಮೂವತ್ತು ವರ್ಷ ಮೇಲ್ಪಟ್ಟಿದೆ, ಬುಷ್ ಬದಲಿಸದ ಕಾರಿನಲ್ಲಿ ಈ ಆಟ ಇನ್ನೂ ಜಾಸ್ತಿ. ಒಂದೇ ಬದಿ ಉಜ್ಜುತ್ತಿದ್ದರೆ ಮಡ್‌ಗಾರ್ಡಿಗೆ ಕೈ ಹಾಕುವ ಮುಂಚೆ ಬುಷ್ ಮತ್ತು ಅಲೈನ್‌ಮೆಂಟ್ ನೋಡಬೇಕು. ಹಳೇ ಅಪಘಾತದ ಟಿಂಕರಿಂಗಿನಲ್ಲಿ ಮೈ ಸ್ವಲ್ಪ ಸೊಟ್ಟಗೆ ಕೂತಿರುವ ಸಾಧ್ಯತೆಯೂ ಇದೆ.

ಎಂಎಕ್ಸ್-5ಕ್ಕೆ ಒಂದು ಅನುಕೂಲ ಹುಟ್ಟಿನಿಂದಲೇ ಇದೆ. ಅದರ ನಾಲ್ಕೂ ಚಕ್ರಗಳು ಡಬಲ್ ವಿಶ್‌ಬೋನ್ ಸಸ್ಪೆನ್ಶನ್ ಮೇಲೆ ನಿಂತಿವೆ. ಮೇಲಿನ ಆರ್ಮು ಕೆಳಗಿನದಕ್ಕಿಂತ ಗಿಡ್ಡ. ಚಕ್ರ ಮೇಲೇಳುತ್ತ ಹೋದಂತೆ ಅದರ ತಲೆ ಒಳಕ್ಕೆ ವಾಲುತ್ತದೆ, ಸರಿಯಾಗಿ ಮಡ್‌ಗಾರ್ಡಿನ ಅಂಚು ಎದುರಾಗುವ ಹೊತ್ತಿಗೆ ತಲೆ ತಗ್ಗಿಸಿ ಒಳಗೆ ನುಗ್ಗಿದಂತೆ. ಇಷ್ಟು ಚಿಕ್ಕ ಕಾರಿನ ಚಕ್ರದ ಕಮಾನಿನಲ್ಲಿ 8 ಇಂಚಿನ ರಿಮ್ ಬಾಳುತ್ತಿರುವುದರ ಗುಟ್ಟು ಇದು.

ಪತ್ತೆ ಮಾಡುವ ಬಗೆ

ಎಲ್ಲಿ ತಾಗುತ್ತಿದೆ ಎಂದು ಖಚಿತವಾಗುವ ಮೊದಲು ಕತ್ತರಿ, ಸುತ್ತಿಗೆ ಎತ್ತಬಾರದು. ಮಾಲೀಕರ ಅವಸರದಿಂದ ಹಾಳಾದ ಮಡ್‌ಗಾರ್ಡುಗಳಿಗೆ ಲೆಕ್ಕವಿಲ್ಲ. ಸುಲಭದ ಉಪಾಯ ಸೀಮೆಸುಣ್ಣ: ಟೈರಿನ ಎರಡೂ ಭುಜಗಳಿಗೆ ಸುತ್ತಲೂ ಬಳಿದು, ಪರಿಚಿತ ಉಬ್ಬುತಗ್ಗಿನ ರಸ್ತೆಯಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಂಡು, ಟ್ಯಾಂಕ್ ತುಂಬಿಸಿ ಓಡಿಸಿದರೆ ಸುಣ್ಣ ಎಲ್ಲಿ ಅಳಿಸಿತು, ಎಲ್ಲಿ ಅಂಟಿತು ಎಂಬುದು ತಾನೇ ಹೇಳುತ್ತದೆ. ಲೈನರಿನ ಮೇಲೆ ಹೊಳಪಾಗಿ ಉಜ್ಜಿದ ಗುರುತು, ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಕಿತ್ತ ಬಣ್ಣ, ಟೈರಿನ ಮೇಲಿನ ಗೆರೆ ಈ ಮೂರನ್ನೂ ಒಟ್ಟಿಗೆ ಓದಬೇಕು.

ಇನ್ನೂ ನಂಬಬಹುದಾದ ವಿಧಾನ ಗ್ಯಾರೇಜಿನಲ್ಲಿ. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಒಂದು ಮೂಲೆಯ ಸ್ಪ್ರಿಂಗ್ ಬಿಚ್ಚಿ, ಶಾಕ್ ಅಬ್ಸಾರ್ಬರನ್ನು, ಚಕ್ರ ಮೇಲೇಳುವುದಕ್ಕೆ ಕೊನೆಯ ತಡೆಯಾದ ಬಂಪ್ ಸ್ಟಾಪ್ ಸಮೇತ, ಮರಳಿ ಹಾಕಿ, ಚಕ್ರ ಕೂರಿಸಿ, ಜ್ಯಾಕಿನಿಂದ ಹಬ್ಬನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಬೇಕು. ಸ್ಪ್ರಿಂಗಿನ ಅಡ್ಡಿ ಇಲ್ಲದ್ದರಿಂದ ಚಕ್ರ ತನ್ನ ಪೂರ್ತಿ ಹಾದಿಯನ್ನು ಕಣ್ಣೆದುರೇ ನಡೆದು ತೋರಿಸುತ್ತದೆ. ಮುಂದಿನ ಚಕ್ರವಾದರೆ ಪ್ರತಿ ಎತ್ತರದಲ್ಲೂ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಬೇಕು. ಸಂದು ಬೀಳುವ ಕಡೆ ಮಕ್ಕಳ ಜೇಡಿಮಣ್ಣಿನ ಉಂಡೆ ಅಂಟಿಸಿಟ್ಟರೆ ಚಪ್ಪಟೆಯಾದ ಮೇಲೆ ಅದು ಎಷ್ಟು ದಪ್ಪ ಉಳಿಯಿತೋ ಅಷ್ಟು ಜಾಗ ಉಳಿದಿದೆ ಎಂದರ್ಥ. ಬುಷ್ ಬಾಗುವಿಕೆಗೆ ಇನ್ನೂ ಕೆಲವು ಮಿಲಿಮೀಟರ್ ಬಿಟ್ಟುಕೊಳ್ಳಬೇಕು. ಈ ಕೆಲಸಕ್ಕೆ ಅರ್ಧ ದಿನ ಹಿಡಿಯಬಹುದು, ಆದರೆ ಆಮೇಲೆ ಊಹೆಗೆ ಕೆಲಸವಿಲ್ಲ.

ಪರಿಹಾರಗಳು

ಮರಳಿ ಸರಿಪಡಿಸಬಹುದಾದದ್ದನ್ನು ಮೊದಲು, ಮರಳಿ ಸರಿಪಡಿಸಲಾಗದ್ದನ್ನು ಕೊನೆಗೆ ಮಾಡುವುದು ಅನುಭವಿಗಳ ಕ್ರಮ. ಹಾಗೆ ನೋಡಿದರೆ ಮೊದಲ ಪರಿಹಾರ ಟೈರನ್ನೇ ಬದಲಿಸುವುದು. 205/50ರ ಬದಲು 195/50 ಹಾಕಿದರೆ ವ್ಯಾಸದಲ್ಲಿ 10 ಮಿ.ಮೀ., ಅಗಲದಲ್ಲಿ ಸುಮಾರು ಅಷ್ಟೇ ಉಳಿತಾಯ. ಬಹಳಷ್ಟು ಉಜ್ಜುವಿಕೆ ಅಲ್ಲಿಗೇ ಮುಗಿಯುತ್ತದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಮಾತು ಕಾರಿನವರಿಗೆ ಅಷ್ಟಾಗಿ ರುಚಿಸುವುದಿಲ್ಲ ಎಂಬುದು ಬೇರೆ ಮಾತು. ಅಮೆರಿಕದಲ್ಲಿ ಈ ಕಾರುಗಳಿಗೇ ಮೀಸಲಾದ ಸ್ಪೆಕ್ ಮಿಯಾಟಾ ಎಂಬ ರೇಸಿಂಗ್ ವರ್ಗವಿದೆ. ಅಲ್ಲಿ ಎಲ್ಲರಿಗೂ 7 ಇಂಚು ಅಗಲದ 15 ಇಂಚಿನ ರಿಮ್, 205/50 ಆರ್15 ಟೈರು. ರೇಸು ಓಡಿಸುವವರಿಗೆ ಸಾಕಾದದ್ದು ಭಾನುವಾರ ಬೆಳಗ್ಗೆ ಗುಡ್ಡದ ರಸ್ತೆಗೆ ಹೋಗುವವರಿಗೆ ಸಾಲದು ಎನ್ನಲು ಬಲವಾದ ಕಾರಣ ಬೇಕು.

ಸ್ಪೇಸರ್ ಎಂಬ ಲೋಹದ ಬಿಲ್ಲೆ ಚಕ್ರವನ್ನು ಹೊರಕ್ಕೆ ತಳ್ಳುತ್ತದೆ. ಒಳಗಿನ ಉಜ್ಜುವಿಕೆಗೆ ಅದು ಮದ್ದು, ಹೊರಗಿನದಕ್ಕೆ ವಿಷ. 3, 5 ಮಿ.ಮೀ. ದಪ್ಪದವನ್ನು ಇರುವ ಬೋಲ್ಟಿನ ಮೇಲೆ ತೂರಿಸುತ್ತಾರೆ, ಆಗ ನಟ್ಟಿಗೆ ಸಾಕಷ್ಟು ಮರೆ (ಥ್ರೆಡ್) ಉಳಿದಿದೆಯೇ ಎಂದು ಎಣಿಸಿ ನೋಡಬೇಕು. ದಪ್ಪ ಸ್ಪೇಸರ್‌ಗಳಿಗೆ ಅವುಗಳದೇ ಬೋಲ್ಟ್ ಇರುತ್ತದೆ.

ಅಲೈನ್‌ಮೆಂಟ್ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಚಕ್ರದ ತಲೆಯನ್ನು ಒಳಕ್ಕೆ ವಾಲಿಸುವುದಕ್ಕೆ ಋಣ ಕ್ಯಾಂಬರ್ ಎನ್ನುತ್ತಾರೆ. 578 ಮಿ.ಮೀ. ಎತ್ತರದ ಟೈರನ್ನು ಒಂದು ಡಿಗ್ರಿ ವಾಲಿಸಿದರೆ ಅದರ ತಲೆ ಪಾದಕ್ಕೆ ಹೋಲಿಸಿ 10 ಮಿ.ಮೀ. ಒಳಕ್ಕೆ ಬರುತ್ತದೆ. ಇದನ್ನು ಕೇಳಿದವರು ಎರಡು ಡಿಗ್ರಿ ಕ್ಯಾಂಬರಿಗೆ 20 ಮಿ.ಮೀ. ಜಾಗ ಸಿಕ್ಕಿತೆಂದು ಹಿಗ್ಗುತ್ತಾರೆ. ಆದರೆ ಎಂಎಕ್ಸ್-5ರಲ್ಲಿ ಕ್ಯಾಂಬರ್ ತಿದ್ದುವ ಎಕ್ಸೆಂಟ್ರಿಕ್ ಬೋಲ್ಟುಗಳು ಇರುವುದು ಕೆಳಗಿನ ಆರ್ಮಿನಲ್ಲಿ. ಅವನ್ನು ತಿರುಗಿಸಿದಾಗ ಚಕ್ರದ ಪಾದ ಹೊರಕ್ಕೆ ಹೋಗುತ್ತದೆ, ಮೇಲಿನ ಆರ್ಮು ಚಕ್ರದ ಕಡೆ ಸೇರುವ ಬಾಲ್ ಜಾಯಿಂಟ್ ಇದ್ದಲ್ಲೇ ಇರುತ್ತದೆ. ಅದರ ಮೇಲಿನ ಸ್ವಲ್ಪ ಭಾಗ ಮಾತ್ರ ಒಳಗೆ ವಾಲುತ್ತದೆ. ಜಾಗದ ಗಳಿಕೆ ಬಾಯಿಲೆಕ್ಕದ ಹತ್ತಿರವೂ ಬರುವುದಿಲ್ಲ. ನಿಜವಾಗಿ ತಲೆಯನ್ನು ಒಳಕ್ಕೆ ಎಳೆಯಬೇಕೆಂದರೆ ಮೇಲಿನ ಆರ್ಮಿಗೆ ಆಫ್‌ಸೆಟ್ ಬುಷ್ ಹಾಕಬೇಕು, ಇಲ್ಲವೇ ಉದ್ದ ಬದಲಿಸಬಹುದಾದ ಆರ್ಮು ಕೂರಿಸಬೇಕು. ಕ್ಯಾಂಬರ್ ಅತಿಯಾದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ಬ್ರೇಕ್ ಹಿಡಿತ ತಗ್ಗುತ್ತದೆ. ಜಪಾನಿನಲ್ಲಿ ಚಕ್ರಗಳು ಮುರಿದು ಬಿದ್ದಂತೆ ಕಾಣುವಷ್ಟು ಕ್ಯಾಂಬರ್ ಕೊಡುವ ಒಂದು ಶೈಲಿಯೇ ಇದೆ. ಅದು ಪ್ರದರ್ಶನಕ್ಕೆ, ಓಟಕ್ಕಲ್ಲ.

ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕೂಡ ಲೆಕ್ಕಕ್ಕೆ ಬರುತ್ತದೆ. ಕೆಳಗಿನ ಬಾಲ್ ಜಾಯಿಂಟನ್ನು ಮುಂದಕ್ಕೆ ತಂದು ಕ್ಯಾಸ್ಟರ್ ಹೆಚ್ಚಿಸಿದರೆ ಇಡೀ ಚಕ್ರ ಕಮಾನಿನೊಳಗೆ ಮುಂದಕ್ಕೆ ಸರಿಯುತ್ತದೆ. ಬಂಪರಿನ ತುದಿಗೆ ತಾಗುತ್ತಿದ್ದರೆ ಕ್ಯಾಸ್ಟರನ್ನು ಸ್ವಲ್ಪ ಇಳಿಸಿದರೂ ಸಾಕಾಗಬಹುದು, ಬಾಗಿಲ ಕಡೆ ತಾಗುತ್ತಿದ್ದರೆ ಅದರ ತದ್ವಿರುದ್ಧ. ಒಳ್ಳೆಯ ಅಲೈನ್‌ಮೆಂಟ್ ಅಂಗಡಿಯಲ್ಲಿ ಒಂದು ಗಂಟೆಯ ಕೆಲಸ, ಲೋಹ ಕತ್ತರಿಸುವ ಮುನ್ನ ಇದನ್ನು ಪ್ರಯತ್ನಿಸದಿರುವುದು ಸೋಮಾರಿತನ.

ಕಾರನ್ನು ತಗ್ಗಿಸಿದ್ದರಿಂದ ಉಜ್ಜುತ್ತಿದ್ದರೆ ಎತ್ತರ ಸ್ವಲ್ಪ ಏರಿಸುವುದು ನೇರ ದಾರಿ. ಹಲವರು ಅದನ್ನು ಬಿಟ್ಟು ಗಟ್ಟಿ ಸ್ಪ್ರಿಂಗ್ ಹಾಕುತ್ತಾರೆ. ಗಟ್ಟಿ ಸ್ಪ್ರಿಂಗ್ ಉಜ್ಜುವ ಸಲಗಳನ್ನು ಕಡಿಮೆ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ದೊಡ್ಡ ಗುಂಡಿ ಸಿಕ್ಕಾಗ ಚಕ್ರ ಪೂರ್ತಿ ಮೇಲೆದ್ದೇ ಏಳುತ್ತದೆ, ತಾಗಿಯೇ ತಾಗುತ್ತದೆ. ಚಕ್ರ ಎಷ್ಟು ಮೇಲೇಳಬಹುದು ಎಂಬುದರ ಕೊನೆಯ ಮಾತು ಬಂಪ್ ಸ್ಟಾಪಿನದು. ಈ ಕಾರಿನ ಮೂಲ ಬಂಪ್ ಸ್ಟಾಪ್ ಉದ್ದವಾಗಿದೆ, ತಗ್ಗಿಸಿದ ಕಾರು ಅದರ ಮೇಲೇ ಕೂತು ಕುಪ್ಪಳಿಸುತ್ತದೆಂದು ಅದನ್ನು ಕತ್ತರಿಸುತ್ತಾರೆ. ಸವಾರಿ ಹಿತವಾಗುತ್ತದೆ, ಜೊತೆಗೆ ಮೊದಲು ತಲುಪದಿದ್ದ ಎತ್ತರಕ್ಕೆ ಟೈರು ತಲುಪಿ ಉಜ್ಜುತ್ತದೆ. ಎಷ್ಟು ಕತ್ತರಿಸಿದ್ದೇವೆ, ಎಷ್ಟು ದಪ್ಪದ ಬಿಲ್ಲೆ ಸೇರಿಸಿದರೆ ಚಕ್ರ ಅಂಚಿಗೆ ಮುಂಚೆ ನಿಲ್ಲುತ್ತದೆ ಎಂಬುದನ್ನು ಸ್ಪ್ರಿಂಗ್ ಬಿಚ್ಚಿದ ಪರೀಕ್ಷೆಯಲ್ಲೇ ನಿಶ್ಚಯಿಸಬಹುದು.

ಪ್ಲಾಸ್ಟಿಕ್ ಲೈನರಿಗೆ ತಾಗುವುದು ಇವೆಲ್ಲಕ್ಕಿಂತ ಸಾಧು ಕಾಯಿಲೆ. ಹೀಟ್ ಗನ್ನಿನಿಂದ ಮೆತ್ತಗೆ ಮಾಡಿ, ದಪ್ಪ ಬಟ್ಟೆ ಸುತ್ತಿದ ಹಿಡಿಯಿಂದ ಒತ್ತಿ, ತಣ್ಣಗಾಗುವವರೆಗೆ ಹಾಗೇ ಹಿಡಿದರೆ ಲೈನರ್ ಹೊಸ ಆಕಾರದಲ್ಲೇ ನಿಲ್ಲುತ್ತದೆ. ಸಾಲದಿದ್ದರೆ ತಾಗುವ ಭಾಗ ಕತ್ತರಿಸಬಹುದು. ಪೂರ್ತಿ ಕಿತ್ತೆಸೆಯುವವರೂ ಇದ್ದಾರೆ. ಆಮೇಲೆ ಕೆಸರು, ಕಲ್ಲು ನೇರ ಲೋಹಕ್ಕೆ ಬಡಿಯುತ್ತವೆ.

ಮಡ್‌ಗಾರ್ಡ್ ಅಂಚು ಮಡಿಸುವುದು

ಮಡ್‌ಗಾರ್ಡಿನ ತಗಡು ಕಮಾನಿನ ಅಂಚಿನಲ್ಲಿ ಒಳಕ್ಕೆ ಸುಮಾರು ಲಂಬಕೋನದಲ್ಲಿ ಮಡಚಿರುತ್ತದೆ. ಟೈರಿಗೆ ಕಚ್ಚುವುದು ಈ ತುಟಿಯೇ. ಅದನ್ನು ಮೇಲಕ್ಕೆ ಒತ್ತಿ ಮಡ್‌ಗಾರ್ಡಿನ ಒಳಮೈಗೆ ಅಂಟಿಸಿದರೆ ತುಟಿಯ ಅಗಲದಷ್ಟು ಜಾಗ ಸಿಗುತ್ತದೆ, ಹೊರಗಿನಿಂದ ನೋಡಿದರೆ ಕಾರು ಬದಲಾದದ್ದು ತಿಳಿಯುವುದೇ ಇಲ್ಲ. ಇದಕ್ಕೆ ಫೆಂಡರ್ ರೋಲರ್ ಎಂಬ ಉಪಕರಣವಿದೆ: ಚಕ್ರ ಬಿಚ್ಚಿ ಹಬ್ಬಿಗೆ ನಟ್ ಹಾಕಿ ಕೂರಿಸುವ ಉದ್ದ ತೋಳು, ತುದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಉರುಳೆ. ತೋಳಿನ ಉದ್ದ, ಕೋನ ಬದಲಿಸುತ್ತ ಉರುಳೆಯನ್ನು ಅಂಚಿನುದ್ದಕ್ಕೂ ಹಿಂದೆ ಮುಂದೆ ಎಳೆಯುತ್ತಾರೆ. ಉಪಕರಣವಿಲ್ಲದ ಕಾಲದಲ್ಲಿ ಅಮೆರಿಕದ ಹುಡುಗರು ಬೇಸ್‌ಬಾಲ್ ಬ್ಯಾಟನ್ನು ಟೈರು ಮತ್ತು ಅಂಚಿನ ನಡುವೆ ತೂರಿಸಿ ಕಾರನ್ನು ಮೆಲ್ಲಗೆ ತಳ್ಳಿ ಇದೇ ಕೆಲಸ ಮಾಡುತ್ತಿದ್ದರು. ಫಲ ಕೆಲವೊಮ್ಮೆ ಚೆನ್ನಾಗಿರುತ್ತಿತ್ತು, ಕೆಲವೊಮ್ಮೆ ಮಡ್‌ಗಾರ್ಡು ಅಲೆಅಲೆಯಾಗುತ್ತಿತ್ತು.

ಕೆಲಸದ ಜೀವಾಳ ತಾಳ್ಮೆ ಮತ್ತು ಬಿಸಿ. ತಣ್ಣಗಿನ ಬಣ್ಣ ಬಾಗುವುದಿಲ್ಲ, ಬಿರಿಯುತ್ತದೆ. ಹೀಟ್ ಗನ್ನಿನಿಂದ ತಗಡನ್ನು ಎರಡೂ ಬದಿಯಿಂದ ಕೈ ಇಡಲಾಗದಷ್ಟು ಬಿಸಿ ಮಾಡಿ, ಆದರೆ ಬಣ್ಣ ಗುಳ್ಳೆ ಏಳದಂತೆ ಎಚ್ಚರ ವಹಿಸಿ, ಒಂದೊಂದು ಸುತ್ತಿಗೆ ಕೆಲವೇ ಡಿಗ್ರಿ ಮಡಿಸಬೇಕು. ಒಂದೇ ಪಟ್ಟಿಗೆ ಬಗ್ಗಿಸಿದವರು ನೇರ ಪೇಂಟ್ ಅಂಗಡಿಗೆ ಹೋಗುತ್ತಾರೆ. ಬಣ್ಣದ ಕೆಳಗೆ ಹಳೇ ಪುಟ್ಟಿ ಇದ್ದರೆ ಅದು ಉದುರುವುದು ಗ್ಯಾರಂಟಿ.

ಮುಂದಿನ ಮಡ್‌ಗಾರ್ಡ್ ಬೋಲ್ಟಿನಿಂದ ಕಟ್ಟಿದ್ದು, ಕೆಟ್ಟರೆ ಬದಲಿಸಬಹುದು. ಹಿಂದಿನದು ಹಾಗಲ್ಲ, ಅದು ಮೈಯ ಅಂಗ. ಅಲ್ಲಿನ ತುಟಿಯಲ್ಲಿ ಹೊರ ತಗಡು ಮತ್ತು ಒಳ ಕಮಾನಿನ ತಗಡು ಸ್ಪಾಟ್ ವೆಲ್ಡ್ ಆಗಿ ಸೇರಿವೆ, ನಡುವೆ ನೀರು ಇಳಿಯದಂತೆ ಸೀಲರ್ ಬಳಿದಿರುತ್ತದೆ. ಮಡಿಸುವಾಗ ಆ ಸೀಲರ್ ಬಿರಿಯುತ್ತದೆ, ಅಲ್ಲಿಂದ ತುಕ್ಕು ಶುರು. ಈ ಕಾರಿನ ಹಿಂದಿನ ಕಮಾನು ಮತ್ತು ಅದರ ಮುಂದಿನ ಹೊಸ್ತಿಲ ಭಾಗ ತುಕ್ಕಿಗೆ ಮೊದಲೇ ಕುಖ್ಯಾತ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಂತೂ ಹೇಳುವುದೇ ಬೇಡ. ಮಡಿಸಿದ ದಿನವೇ ಒಳಗಿನಿಂದ ಹೊಸ ಸೀಲರ್ ತುಂಬಿ, ಬಣ್ಣ ಬಳಿಯದಿದ್ದರೆ ಉಜ್ಜುವಿಕೆಯ ಬದಲು ಇನ್ನೂ ದೊಡ್ಡ ರೋಗ ತಂದುಕೊಂಡಂತೆ. ತುಟಿಯನ್ನು ಮಡಿಸುವ ಬದಲು ಗ್ರೈಂಡರಿನಿಂದ ಕತ್ತರಿಸುವುದು ಇನ್ನೂ ಕೆಟ್ಟದ್ದು, ಎರಡು ತಗಡುಗಳನ್ನು ಹಿಡಿದಿರುವ ವೆಲ್ಡೇ ಹೋಗುತ್ತದೆ.

ಮಡಿಸಿದರೂ ಸಾಲದಿದ್ದರೆ ಮಡ್‌ಗಾರ್ಡನ್ನು ಹೊರಕ್ಕೆ ಎಳೆದು ಉಬ್ಬಿಸುತ್ತಾರೆ, ಅದೂ ಸಾಲದಿದ್ದರೆ ಕಮಾನು ಕತ್ತರಿಸಿ ಮೇಲೆ ಅಗಲದ ಓವರ್‌ಫೆಂಡರ್ ಬಿಗಿಯುತ್ತಾರೆ. ಜಪಾನಿನಲ್ಲಿ ಇದಕ್ಕೆ ಹಳೇ ಪರಂಪರೆ ಇದೆ. 1971ರ ನಿಸಾನ್ ಫೇರ್‌ಲೇಡಿ 240ಝಡ್‌ಜಿ ಕಾರ್ಖಾನೆಯಿಂದಲೇ ರಿವೆಟ್ ಹೊಡೆದ ಓವರ್‌ಫೆಂಡರ್ ತೊಟ್ಟು ಬಂದಿತ್ತು. ಪೋರ್ಷೆ 911ಗಳ ಕಮಾನನ್ನು ಕತ್ತರಿಸಿ ಅಗಲಿಸುವುದರಿಂದಲೇ ಜಪಾನಿನ ಅಕಿರಾ ನಕಾಯ್ ಜಗತ್ತಿನಾದ್ಯಂತ ಹೆಸರಾದರು. ಅಲ್ಲಿಗೆ ಅದು ಉಜ್ಜುವಿಕೆಯ ಪರಿಹಾರವಾಗಿ ಉಳಿಯದೆ ಬೇರೆಯೇ ಕಲೆಯಾಗಿದೆ.

ಇತರ ತಲೆಮಾರುಗಳು, ಇತರ ಕಾರುಗಳು

ಎರಡನೇ ತಲೆಮಾರಿಗೂ ಮೇಲಿನ ಮಾತುಗಳು ಬಹುಮಟ್ಟಿಗೆ ಒಪ್ಪುತ್ತವೆ. 2005ರ ಮೂರನೇ ತಲೆಮಾರು ಬೇರೆಯೇ ಜಾತಿ: 114.3 ಮಿ.ಮೀ. ವೃತ್ತದಲ್ಲಿ ಐದು ನಟ್, 17 ಇಂಚಿನ ರಿಮ್ಮಿಗೆ 55 ಆಫ್‌ಸೆಟ್. ಅದರ ರಿಮ್ ಹಿಂದಿನ ಕಾರುಗಳಿಗೆ ಕೂರುವುದಿಲ್ಲ. 2015ರ ನಾಲ್ಕನೇ ತಲೆಮಾರು ಮತ್ತೆ ನಾಲ್ಕು ನಟ್ಟಿಗೆ ಮರಳಿತು. ಅದರ ಮುಂದಿನ ಮಡ್‌ಗಾರ್ಡುಗಳು ಅಲ್ಯೂಮಿನಿಯಂ. ಉಕ್ಕಿನ ತಗಡಿನಂತೆ ಅದನ್ನು ಹಿಂದೆ ಮುಂದೆ ಮಡಿಸಿ ತಿದ್ದಲಾಗದು, ಬಗ್ಗಿಸಿದಷ್ಟೂ ಗಡುಸಾಗಿ ಬಿರುಕು ಬಿಡುತ್ತದೆ. ರೋಲರ್ ಹಿಡಿದ ಕೈ ಇಲ್ಲಿ ಇನ್ನೂ ನಿಧಾನವಾಗಬೇಕು.

2012ರಲ್ಲಿ ಬಂದ ಟೊಯೊಟಾ 86, ಸುಬಾರು ಬಿಆರ್‌ಝಡ್ ಜೋಡಿಯನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಅವುಗಳ ಮುಂದಿನ ಸಸ್ಪೆನ್ಶನ್ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಮೇಲಿನ ಆರ್ಮಿನ ಬದಲು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬವೇ ಚಕ್ರವನ್ನು ಹಿಡಿಯುವ ಬಗೆ. ಅಗಲ ಟೈರು ಹಾಕಿದಾಗ ಮೊದಲು ತಾಗುವುದು ಹಲವೊಮ್ಮೆ ಹೊರಗಿನ ಮಡ್‌ಗಾರ್ಡಿಗಲ್ಲ, ಒಳಗಿನ ಸ್ಟ್ರಟ್ಟಿಗೆ ಅಥವಾ ಅದರ ಸ್ಪ್ರಿಂಗ್ ತಟ್ಟೆಗೆ. ಇಲ್ಲಿ ಕ್ಯಾಂಬರ್ ಎರಡು ಕಡೆಯಿಂದ ಕೊಡಬಹುದು. ಸ್ಟ್ರಟ್ಟು ಹಬ್ಬಿಗೆ ಸೇರುವಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿದರೆ ಚಕ್ರದ ತಲೆ ಸ್ಟ್ರಟ್ಟಿನ ಕಡೆಗೆ ವಾಲಿ ಇದ್ದ ಸಂದೂ ಹೋಗುತ್ತದೆ. ಸ್ಟ್ರಟ್ಟಿನ ತಲೆಯಲ್ಲಿ ಕ್ಯಾಂಬರ್ ಪ್ಲೇಟ್ ಹಾಕಿದರೆ ಸ್ಟ್ರಟ್ಟೂ ಚಕ್ರವೂ ಒಟ್ಟಿಗೆ ವಾಲುವುದರಿಂದ ಅವುಗಳ ನಡುವಿನ ಸಂದು ಹಾಗೇ ಉಳಿದು, ಮಡ್‌ಗಾರ್ಡಿನ ಕಡೆ ಜಾಗ ಸಿಗುತ್ತದೆ. ಎರಡೂ ಕ್ಯಾಂಬರೇ, ಅಂಕಿ ಒಂದೇ, ಉಜ್ಜುವಿಕೆಯ ಮಟ್ಟಿಗೆ ಫಲ ಮಾತ್ರ ಬೇರೆ ಬೇರೆ.

ಕಾನೂನು

ಚಕ್ರ ಕಮಾನಿನಾಚೆ ಚಾಚುವುದನ್ನು ಹಲವು ದೇಶಗಳು ಮಿತಿಗೊಳಿಸಿವೆ. ಜಪಾನಿನಲ್ಲಿ ಚಕ್ರದ ಮಧ್ಯದಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿಯ ನಡುವೆ ಚಕ್ರ ಹೊರಗೆ ಚಾಚುವಂತಿರಲಿಲ್ಲ. 2017ರ ಜೂನ್‌ನಲ್ಲಿ ನಿಯಮ ಸಡಿಲಿಸಿ, ಟೈರಿನ ಭಾಗ ಮಾತ್ರ 10 ಮಿ.ಮೀ. ಒಳಗಿನ ಮಟ್ಟಿಗೆ ಹೊರಬಂದರೆ ನಡೆಯುತ್ತದೆ ಎಂದರು. ರಿಮ್ಮಿಗೆ ಆ ರಿಯಾಯಿತಿ ಇಲ್ಲ. ಜರ್ಮನಿಯಲ್ಲಿ ಕಾರ್ಖಾನೆಯ ಪಟ್ಟಿಯಲ್ಲಿಲ್ಲದ ರಿಮ್ ಹಾಕಿದವರು ಅದಕ್ಕೆ ಅನುಮೋದನೆ ಪತ್ರ ಹೊಂದಿರಬೇಕು, ಇಲ್ಲವೇ ತಪಾಸಣಾಧಿಕಾರಿಯಿಂದ ಪರೀಕ್ಷೆ ಮಾಡಿಸಿ ದಾಖಲೆಗೆ ಸೇರಿಸಬೇಕು. ಸಸ್ಪೆನ್ಶನ್ ಪೂರ್ತಿ ಒತ್ತಿದಾಗ ಟೈರು ಎಲ್ಲಾದರೂ ತಾಗುತ್ತದೆಯೇ ಎಂಬುದು ಅಲ್ಲಿ ಪರಿಶೀಲನೆಯ ಒಂದು ಅಂಶ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಬೆಂಗಳೂರಿನ ಅಂಗಡಿಗಳಲ್ಲಿ ಅಗಲ ಅಲಾಯ್ ಸುಲಭವಾಗಿ ಸಿಗುತ್ತದೆಂಬ ಮಾತ್ರಕ್ಕೆ ಕಾರಿನ ಕಮಾನು ಕತ್ತರಿಸಲು ಪರವಾನಗಿ ಸಿಕ್ಕಂತಲ್ಲ. ಅಪಘಾತವಾದಾಗ ವಿಮೆ ಕಂಪನಿ ಕೇಳುವ ಮೊದಲ ಪ್ರಶ್ನೆಗಳಲ್ಲೂ ಇದು ಒಂದಾಗಬಹುದು.

ಪರಿಹಾರ ಯಾವುದೇ ಇರಲಿ, ಕೆಲಸ ಮುಗಿದ ಮೇಲೆ ನೂರಿನ್ನೂರು ಕಿಲೋಮೀಟರ್ ಓಡಿಸಿ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಬೇಕು, ಟೈರಿನ ಎರಡೂ ಗೋಡೆಗಳನ್ನು, ಮುಖ್ಯವಾಗಿ ಒಳಗಿನದನ್ನು, ಕಾರು ಎತ್ತಿ ನೋಡಬೇಕು. ಹೊಸ ಸ್ಪ್ರಿಂಗುಗಳು ಮೊದಲ ಕೆಲವು ವಾರಗಳಲ್ಲಿ ಒಂದಿಷ್ಟು ಕುಗ್ಗುವುದುಂಟು. ಹಾಕಿದ ದಿನ ತಾಗದಿದ್ದ ಟೈರು ತಿಂಗಳ ನಂತರ ತಾಗಲು ಇದೂ ಒಂದು ಕಾರಣ, ಆದ್ದರಿಂದ ಅಲೈನ್‌ಮೆಂಟನ್ನು ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ಮಾಡಿಸುತ್ತಾರೆ.